ಸ್ಕೇಲು ಕೂರದ ಜಾಗ

ಗುರುವಾರ, ಮಧ್ಯಾಹ್ನ
ವರ್ಕ್‌ಶಾಪಿನ ನಕ್ಷೆ ಮೇಜಿನಿಂದ

ನನ್ನ ಮುದ್ದು ಸೂಜಿ,

ಕಾಗದ ನೋಡಿದ ಕೂಡಲೇ ಗಾಬರಿಯಾಗಬೇಡ. ನನಗೇನೂ ಆಗಿಲ್ಲ. ಮಂಡಿನೋವು ಇದ್ದ ಹಾಗೇ ಇದೆ, ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಫೋನ್ ಇರುವಾಗ ಈ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಈ ವಾರ ಮೂರು ಸಲ ಫೋನ್ ಮಾಡಿದೆನಲ್ಲ, ಮೂರು ಸಲವೂ ಒಂದೇ ಮಾತು ಹೇಳಲು ಮಾಡಿದ್ದು. ಸೋಮವಾರ ನಿನ್ನ ಮಗಳು ಎತ್ತಿದಳು. ಅಜ್ಜೀ, ಭಾನುವಾರ ದೋಣಿ ನೀರಿಗೆ ಬಿಡ್ತೀವಿ, ಮೂಗಿನ ಹತ್ರ ನಾನೇ ಕೂರೋದು, ಅಮ್ಮ ಒಪ್ಪಿದಾಳೆ ಅಂತ ಒಂದೇ ಉಸಿರಿಗೆ ಒದರಿದಳು. ಜಾಣೆ ಎಂದು ಹೇಳಿ ಫೋನ್ ಇಟ್ಟೆ. ಮಂಗಳವಾರ ನೀನು ಎತ್ತಿದೆ. ಕೈಯಲ್ಲಿ ಬಣ್ಣದ ಬ್ರಷ್ ಇದೆ, ಬೇಗ ಹೇಳಮ್ಮ ಅಂದೆ. ಬೇಗ ಹೇಳುವ ಮಾತಾಗಿರಲಿಲ್ಲ, ಹಾಗಾಗಿ ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನೆ ಅಳಿಯಂದಿರು ಸಿಕ್ಕರು. ಅವರ ಹತ್ತಿರ ಕಾಲು ಗಂಟೆ ಟೊಮೆಟೊ ಬೆಲೆ ಮಾತಾಡಿದೆ. ಪಾಪ, ಅವರೂ ಸಹನೆಯಿಂದ ಮಾತಾಡಿದರು.

ಅದಕ್ಕೇ ಈ ಕಾಗದ. ನಮ್ಮ ರೋಲರ್ ಮಾವ ನಾಳೆ ಸಂಜೆ ತಗಡು ಸುತ್ತುವ ಮೆಷಿನ್ ನಿಲ್ಲಿಸಿ ಕೆರೆಯ ಕಡೆ ಅವರ ತಂಗಿಯ ಮನೆಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ. ಭಾನುವಾರ ಆ ದೋಣಿಯನ್ನು ನೀರಿಗೆ ಇಳಿಸಬೇಡ. ಮಗುವನ್ನು ಅದರಲ್ಲಿ ಕೂರಿಸಬೇಡ. ಆಚೆ ದಡದ ಶಾಲೆಯ ಹನ್ನೆರಡು ಮಕ್ಕಳನ್ನಂತೂ ಹತ್ತಿಸಲೇಬೇಡ.

ಯಾಕೆ ಎಂದು ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ತಾಳ್ಮೆ ಇಟ್ಟುಕೊಂಡು ಓದು. ಮಧ್ಯದಲ್ಲಿ ಎದ್ದು ಹೋಗುವ ನಿನ್ನ ಅಭ್ಯಾಸ ನನಗೆ ಗೊತ್ತು.

ನೀನು ಆರು ವರ್ಷದವಳಿದ್ದಾಗ ಗೆಳತಿಗೆ ಕೊಡಲು ಒಂದು ಚೆಂಡು ತಂದಿದ್ದೆವು, ನೆನಪಿದೆಯಾ? ಅದನ್ನು ಬಣ್ಣದ ಕಾಗದದಲ್ಲಿ ನಾನೇ ಸುತ್ತುತ್ತೇನೆ ಎಂದು ಹಟ ಹಿಡಿದೆ. ಎಲ್ಲಿ ಒತ್ತಿದರೂ ಇನ್ನೊಂದು ಕಡೆ ಸುಕ್ಕು ಏಳುತ್ತಿತ್ತು. ನಾಲ್ಕು ಹಾಳೆ ಹರಿದೆ, ಕೊನೆಗೆ ಚೆಂಡನ್ನೇ ಒದ್ದು ಅತ್ತೆ. ನಾನು ನಕ್ಕು ನಿನ್ನನ್ನು ವರ್ಕ್‌ಶಾಪಿಗೆ ಎತ್ತಿಕೊಂಡು ಬಂದು ಈ ಮೇಜಿನ ಮೇಲೆಯೇ ಕೂರಿಸಿದೆ. ಒಂದು ಬಕೆಟ್ಟು, ಒಂದು ಆಲಿಕೆ, ಒಂದು ಹೊಗೆ ಕೊಳವೆ, ಕ್ಯಾಂಟೀನಿನ ಬಾಣಲೆ, ನಾಲ್ಕನ್ನೂ ನಿನ್ನ ಮುಂದಿಟ್ಟು ಕೈಗೆ ಸ್ಟೀಲ್ ಸ್ಕೇಲು ಕೊಟ್ಟೆ. ಯಾವುದರ ಮೇಲೆ ಸ್ಕೇಲು ಉದ್ದಕ್ಕೂ ಅಂಟಿಕೊಂಡು ಕೂರುತ್ತೆ ಹೇಳು ಅಂದೆ. ಕೊಳವೆಯ ಮೇಲೆ ಕೂತಿತು. ಆಲಿಕೆಯ ಮೇಲೆ ತುದಿಯಿಂದ ಬಾಯಿಯವರೆಗೆ ಕೂತಿತು. ಬಕೆಟ್ಟಿನ ಮೇಲೂ ಕೂತಿತು. ಬಾಣಲೆಯ ಹೊಟ್ಟೆಯ ಮೇಲೆ ಎಷ್ಟು ತಿರುಗಿಸಿದರೂ ಏತದ ಹಾಗೆ ಆಡಿತು. ಕೂತಿದ್ದನ್ನೆಲ್ಲ ಚಪ್ಪಟೆ ಹಾಳೆಯಿಂದ ಸುತ್ತಿ ಮಾಡಬಹುದು, ಬೇಕೆಂದಾಗ ಬಿಚ್ಚಿ ಮತ್ತೆ ಚಪ್ಪಟೆ ಹಾಸಬಹುದು. ಕೂರದಿದ್ದದ್ದನ್ನು ಸುತ್ತಿಗೆಯಲ್ಲಿ ಬಡಿದು ಹಿಗ್ಗಿಸಬೇಕು, ಇಲ್ಲವೇ ತುಂಡು ಮಾಡಿ ಹೊಲಿಯಬೇಕು. ನನ್ನ ಕಸುಬೆಲ್ಲ ಇಷ್ಟೇ, ನನ್ನ ನಲವತ್ತು ವರ್ಷವೆಲ್ಲ ಇದರಲ್ಲೇ ಹೋಯಿತು.

ಅವತ್ತಿನಿಂದ ನೀನು ತಗಡಿನ ಮೇಲೆ ಗುರುತು ಗೀರುವ ಸೂಜಿಯನ್ನು ಕೈಬಿಡಲಿಲ್ಲ. ಇಡೀ ವರ್ಕ್‌ಶಾಪು ನಿನ್ನನ್ನು ಸೂಜಿ ಎಂದೇ ಕರೆಯಿತು. ಚುಚ್ಚುವುದರಲ್ಲೂ ನೀನು ಕಡಿಮೆ ಇರಲಿಲ್ಲ ಬಿಡು.

ಇನ್ನು ನಾಲ್ಕು ವರ್ಷದ ಹಿಂದಿನ ಮಾತು. ಬರೆಯಲೇಬೇಕು, ಯಾಕೆಂದರೆ ಈ ದೋಣಿಯ ತಪ್ಪು ಅಲ್ಲಿಂದ ಶುರುವಾಗಿದ್ದು. ಹಿಟ್ಟಿನ ಗಿರಣಿಯವರಿಗೆ ಒಂದು ಕಡೆ ವಾಲಿದ ಧಾನ್ಯದ ಆಲಿಕೆ ಬೇಕಿತ್ತು. ತಗಡು ಕತ್ತರಿಸುವ ಚಪ್ಪಟೆ ನಮೂನೆಯನ್ನು ನೀನು ಒಬ್ಬಳೇ ಬಿಡಿಸಿದ ಮೊದಲ ದೊಡ್ಡ ಕೆಲಸ. ಅಳತೆಯೆಲ್ಲ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಗುರುತು ಒಳಮೈಗೆ ಬರಬೇಕೋ ಹೊರಮೈಗೆ ಬರಬೇಕೋ ಎಂದು ಹಾಳೆಯ ಮೇಲೆ ಬರೆಯುವುದನ್ನು ಮರೆತೆ. ರೋಲರ್ ಮಾವ ಗುರುತು ಹೊರಗೆ ಬರುವಂತೆ ಸುತ್ತಿದರು. ಎಡಕ್ಕೆ ವಾಲಬೇಕಾದ ಆಲಿಕೆ ಬಲಕ್ಕೆ ವಾಲಿತು. ನಮ್ಮ ಕಸುಬಿನಲ್ಲಿ ಈ ತಪ್ಪು ಒಂದು ಸಲವಾದರೂ ಮಾಡದವರು ಯಾರೂ ಇಲ್ಲ. ನಾನು ಎರಡು ಸಲ ಮಾಡಿದ್ದೇನೆ. ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಹೇಳುವ ಬದಲು, ಗಿರಣಿಯವರೂ ಏಳು ಜನ ಕೆಲಸಗಾರರೂ ನಿಂತಿದ್ದಾಗ, ಎಡ ಬಲ ಗೊತ್ತಿಲ್ಲದವಳ ಕೈಗೆ ಸೂಜಿ ಕೊಟ್ಟಿದ್ದು ನನ್ನ ತಪ್ಪು ಅಂದುಬಿಟ್ಟೆ. ಯಾರೋ ಕಿಸಕ್ಕೆಂದು ನಕ್ಕರು. ನೀನು ಸೂಜಿಯನ್ನು ಈ ಮೇಜಿನ ಮೇಲಿಟ್ಟು, ಏಪ್ರನ್ ಮಡಿಸಿಟ್ಟು ಹೊರಟುಹೋದೆ. ಆಮೇಲೆ ನಾಲ್ಕು ವರ್ಷ. ಮಗುವಿನ ಹಲ್ಲು ಬಿದ್ದದ್ದು, ಶಾಲೆಗೆ ಸೇರಿಸಿದ್ದು, ನೀನು ದೋಣಿ ಕಟ್ಟುವ ಶೆಡ್ಡು ಹಾಕಿದ್ದು, ಎಲ್ಲವನ್ನೂ ನಾನು ರೋಲರ್ ಮಾವನ ಬಾಯಿಂದ ಕೇಳಿದೆ. ಅವರು ಹೇಳಿ ಮುಗಿಸಿದ ಮೇಲೂ ಇನ್ನೇನಾದರೂ ಇದೆಯೇ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

ಮೂರು ತಿಂಗಳ ಹಿಂದೆ ನಿನ್ನ ಫೋನ್ ಬಂತು. ಅಮ್ಮ, ಮಕ್ಕಳನ್ನ ದಾಟಿಸೋಕೆ ಶಾಲೆಯವರು ದೋಣಿ ಮಾಡಿಕೊಡು ಅಂತ ಹೇಳಿದಾರೆ, ಇಷ್ಟು ದೊಡ್ಡದು ಇದೇ ಮೊದಲು, ಪಕ್ಕೆಯ ಪ್ಲೈವುಡ್‌ಗೆ ಚಪ್ಪಟೆ ನಮೂನೆ ನೀನೇ ಬಿಡಿಸಿಕೊಡ್ತೀಯಾ ಅಂದೆ. ಬಿಡಿಸಿಕೊಡದೆ ಇರುತ್ತೇನೆಯೇ! ನಿನ್ನ ಚಿತ್ರ ಬಂತು. ಎಷ್ಟು ಚೆಂದದ ಕೈ ನಿನ್ನದು. ದೋಣಿಯ ಮೂಗು ಉಬ್ಬಿದ ಕೆನ್ನೆಯ ಹಾಗೆ ದುಂಡಗಿತ್ತು. ನೀರು ಮೆತ್ತಗೆ ಸರಿದುಹೋಗಲಿ, ಮಕ್ಕಳ ಮೇಲೆ ಸಿಡಿಯದಿರಲಿ ಎಂದು ಪಕ್ಕದಲ್ಲಿ ಬರೆದಿದ್ದೆ. ನಾನು ರಟ್ಟಿನಲ್ಲಿ ಅದರ ಮಾದರಿ ಮಾಡಿ, ಮೇಲಂಚಿನಿಂದ ಕೆಳಂಚಿಗೆ ಸ್ಕೇಲು ಇಡುತ್ತಾ ಬಂದೆ. ಹಿಂದುಗಡೆಯಿಂದ ಮುಂದಕ್ಕೆ ಎಲ್ಲ ಕಡೆ ಕೂತಿತು. ಮೂಗಿನಿಂದ ಒಂದು ಗೇಣು ಹಿಂದೆ, ಒಳಗೆ ಪಕ್ಕೆಲುಬಿನ ಹಾಗೆ ನಿಲ್ಲುವ ಎರಡನೇ ಅಡ್ಡಪಟ್ಟಿಯ ಹತ್ತಿರ, ನಾಲ್ಕು ಬೆರಳಗಲದ ಜಾಗದಲ್ಲಿ ಮಾತ್ರ ಕೂರಲಿಲ್ಲ. ಹೇಗೆ ತಿರುಗಿಸಿದರೂ ಆಡಿತು. ಬಾಣಲೆಯ ಹೊಟ್ಟೆ ಅಲ್ಲಿತ್ತು.

ನನಗೆ ಆಗಲೇ ಗೊತ್ತಾಯಿತು, ಸೂಜಿ. ನಿನ್ನ ಚಿತ್ರದಲ್ಲಿ ತಪ್ಪಿತ್ತು. ಸಣ್ಣ ತಪ್ಪು, ಒಂದು ಅಡ್ಡಪಟ್ಟಿಯನ್ನು ಒಂದು ಬೆರಳು ಕೆತ್ತಿದರೆ ಹೋಗುವಂಥದ್ದು. ಫೋನ್ ಕೈಗೆತ್ತಿಕೊಂಡೆ. ಆಗ ನೀನು ಏಪ್ರನ್ ಮಡಿಸಿಟ್ಟದ್ದು ಕಣ್ಣ ಮುಂದೆ ಬಂತು. ನಾಲ್ಕು ವರ್ಷವಾದ ಮೇಲೆ ಮಗಳು ಒಂದು ಕೆಲಸ ಹೇಳಿದ್ದಾಳೆ, ಮೊದಲ ಮಾತೇ ನಿನ್ನದು ತಪ್ಪು ಎನ್ನುವುದು ಹೇಗೆ? ಬಾಯಿಗೆ ಬೀಗ ಹಾಕಿಕೊಂಡೆ. ಹೊಟ್ಟೆಯ ಜಾಗವನ್ನು ಸಣ್ಣ ಸಣ್ಣ ತ್ರಿಕೋನ ಮಾಡಿ ಒಂದೊಂದನ್ನೇ ಹಾಳೆಗೆ ಇಳಿಸಿದೆ. ಮೇಲಂಚಿನಿಂದ ಬಂದ ಲೆಕ್ಕಕ್ಕೂ ಕೆಳಂಚಿನಿಂದ ಬಂದ ಲೆಕ್ಕಕ್ಕೂ ಎಂಟು ಮಿಲಿಮೀಟರ್ ಹೊಂದಲಿಲ್ಲ. ಹೊಂದುವುದೂ ಇಲ್ಲ, ಅದು ಹಾಳೆಗೆ ಇಳಿಯುವ ಆಕಾರವೇ ಅಲ್ಲ. ಆ ಎಂಟನ್ನು ಅಲ್ಲಿ ಒಂದಿಷ್ಟು ಇಲ್ಲಿ ಒಂದಿಷ್ಟು ಸವರಿ ಗೆರೆಯನ್ನು ನುಣ್ಣಗೆ ಮಾಡಿಬಿಟ್ಟೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಅವರ ಕಿವಿ ಹಿಂಡುತ್ತಿದ್ದೆ. ಮೂಗಿನ ಹತ್ರ ಸ್ವಲ್ಪ ಬಿಗಿ ಬರುತ್ತೆ, ಬಿಸಿನೀರಿನ ಬಟ್ಟೆ ಹಾಕಿ ಸ್ಕ್ರೂನಲ್ಲಿ ಎಳೆದು ಕೂರಿಸು ಅಂತ ಮಾತ್ರ ನಿನಗೆ ಹೇಳಿದೆ. ನೀನು ಬಿಡಿಸಿದ ಮೇಲೆ ಇನ್ನೇನಮ್ಮ ಅಂದೆ ನೀನು. ಆ ಮಾತು ಕೇಳಿ ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಎರಡು ವಾರದ ಹಿಂದೆ ದೋಣಿ ನೋಡಲು ಬಂದೆನಲ್ಲ. ನಾಲ್ಕು ವರ್ಷದಲ್ಲಿ ನನ್ನ ಅತಿ ಒಳ್ಳೆಯ ದಿನ ಅದು. ಮಗು ನನ್ನ ಬೆರಳು ಹಿಡಿದುಕೊಂಡು ದೋಣಿಯ ಸುತ್ತ ಮೂರು ಸುತ್ತು ಹಾಕಿಸಿದಳು. ನೀನು ಚಹಾ ತರಲು ಹೋದಾಗ ನಾನು ಒಳಗೆ ಹತ್ತಿ ಮೂಗಿನ ಕಡೆ ಬಗ್ಗಿ ನೋಡಿದೆ. ಸ್ಕ್ರೂಗಳನ್ನು ಎಷ್ಟು ಒತ್ತೊತ್ತಾಗಿ ಹಾಕಿದ್ದೀಯ, ಎಷ್ಟು ಕಷ್ಟಪಟ್ಟು ಎಳೆದಿರಬೇಕು. ಕೈಯಾಡಿಸಿ ನೋಡಿದೆ, ಅಷ್ಟೇ. ನೀನು ಲೋಟ ಹಿಡಿದುಕೊಂಡು ಬಂದೆ, ನಾನು ಎಡಗೈ ಚಾಚಿದೆನೆಂದು, ಅಜ್ಜಿಗೂ ಎಡ ಬಲ ಗೊತ್ತಿಲ್ಲ ನೋಡು ಅಂತ ಮಗುವಿಗೆ ಹೇಳಿ ನಕ್ಕೆ. ನಾನೂ ನಕ್ಕೆ. ಆ ಮಾತನ್ನು ನೀನು ತಮಾಷೆಗೆ ಆಡುವಷ್ಟಾದೆಯಲ್ಲ ಎಂದು ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡೆ.

ಬಂದ ಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. ಕಳೆದ ಶನಿವಾರ ಅದೇ ಆರು ಮಿಲಿಮೀಟರಿನ ಪ್ಲೈವುಡ್ ತುಂಡೊಂದನ್ನು ತೆಗೆದುಕೊಂಡು, ಕ್ಯಾಂಟೀನಿನ ಹಳೆಯ ಬಾಣಲೆ ಬೋರಲು ಹಾಕಿ, ಅದರ ಮೇಲೆ ನಾಲ್ಕು ಮೂಲೆಗೂ ಕ್ಲ್ಯಾಂಪ್ ಬಿಗಿದು ನಿನ್ನ ಮೂಗಿನಷ್ಟೇ ಹೊಟ್ಟೆ ಬರುವಂತೆ ಎಳೆದೆ. ಒದ್ದೆ ಗೋಣಿ ಹೊದಿಸಿದೆ. ಬೆಳಿಗ್ಗೆ ಸಂಜೆ ಐವತ್ತೈವತ್ತು ಸಲ ಮರದ ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿದೆ, ಅಲೆ ಬಡಿದಂತಾಗಲಿ ಎಂದು. ರೋಲರ್ ಮಾವ ನೋಡಿ, ಏನಕ್ಕಾ, ಬಾಣಲೆಗೆ ಮರದ ಅಂಗಿ ತೊಡಿಸ್ತಿದ್ದೀರಾ ಅಂತ ಆಡಿಕೊಂಡರು. ಭಾನುವಾರ ರಜೆಯಲ್ಲೂ ಬೀಗ ತೆಗೆಸಿ ಬಂದು ತಟ್ಟಿದೆ. ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ನಾನೇ ಹುಚ್ಚಿ, ಸುಮ್ಮನೆ ತಲೆ ಕೆಡಿಸಿಕೊಂಡೆ ಎಂದು ಸ್ವಲ್ಪ ಉಸಿರು ಬಂತು. ನಿನ್ನೆ ಬೆಳಿಗ್ಗೆ ನಾನು ಮುಟ್ಟುವ ಮೊದಲೇ, ಯಾರೂ ತಟ್ಟದೆ, ಟಪ್ ಎಂದಿತು. ಗೋಣಿ ತೆಗೆದು ನೋಡಿದರೆ ಅಂಗೈ ಉದ್ದದ ಬಿರುಕು, ಬೆಳಕು ಕಾಣುವಷ್ಟು. ಸ್ಟೂಲಿನ ಮೇಲೆ ಕೂತುಬಿಟ್ಟೆ. ಮಾವ ನೀರು ತಂದುಕೊಟ್ಟರು, ಆಡಿಕೊಳ್ಳಲಿಲ್ಲ. ಅದಾದ ಮೇಲೂ ನಾನು ಅಳಿಯಂದಿರ ಹತ್ತಿರ ಟೊಮೆಟೊ ಬೆಲೆ ಮಾತಾಡಿದೆನೆಂದರೆ ನೋಡು, ನಿನ್ನ ಅಮ್ಮ ಎಂಥ ಹೇಡಿ.

ಈಗ ಕಣ್ಣು ಮುಚ್ಚಿದರೆ ಸಾಕು, ಕೆರೆಯ ನಡುವೆ ಆ ಸದ್ದು ಕೇಳುತ್ತದೆ. ಮೂಗಿನ ಹತ್ತಿರ ಕೂತ ಎರಡು ಜಡೆ ಕಾಣುತ್ತದೆ. ಮಗುವಿಗೆ ಈಜು ಬರುತ್ತದೆಯೇ ಎಂದು ಕೇಳಲೂ ನನಗೆ ಬಾಯಿ ಬರಲಿಲ್ಲ.

ಪರಿಹಾರ ಇಲ್ಲದ ಕೆಲಸವೇನಲ್ಲ, ಅದೊಂದು ಸಮಾಧಾನ. ಎರಡು ದಾರಿ ಇದೆ. ಎರಡನೇ ಅಡ್ಡಪಟ್ಟಿಯ ಹೊಟ್ಟೆಯನ್ನು ಒಂದು ಬೆರಳು ಕೆತ್ತಿ, ಸ್ಕೇಲು ಕೂರುವಂತೆ ಮಾಡಿ, ಎರಡೂ ಪಕ್ಕೆಗೆ ಹೊಸ ಹಾಳೆ ಹಾಕುವುದು ಒಂದು. ಹಾಗೆ ಮಾಡಿದರೆ ನೀರು ಸ್ವಲ್ಪ ಸಿಡಿಯುತ್ತದೆ, ಸಿಡಿಯಲಿ ಬಿಡು, ಮಕ್ಕಳಿಗೆ ಖುಷಿಯೇ. ನಿನಗೆ ಆ ದುಂಡು ಮೂಗೇ ಬೇಕೆಂದರೆ ಪಕ್ಕೆಯ ಮುಂಭಾಗವನ್ನು ಉದ್ದಕ್ಕೆ ಎರಡು ಪಟ್ಟಿ ಮಾಡಬೇಕು. ಚೆಂಡಿಗೆ ತುಂಡು ತುಂಡು ಚರ್ಮ ಹೊಲಿಯುತ್ತಾರಲ್ಲ, ಹಾಗೆ. ಒಂದೊಂದು ಪಟ್ಟಿಯೂ ಎಳೆಯದೆ, ಒತ್ತದೆ ತಾನಾಗಿ ಬಾಗಿ ಕೂರುತ್ತದೆ. ನಡುವೆ ಒಂದು ಜೋಡಣೆಯ ಗೆರೆ ಕಾಣುತ್ತದೆ ಅಷ್ಟೇ. ಎರಡಕ್ಕೂ ನಮೂನೆ ಬಿಡಿಸಿದ್ದೇನೆ, ಬ್ರೌನ್ ಪೇಪರಿನ ಸುರುಳಿಯಲ್ಲಿದೆ. ಗುರುತು ಒಳಮೈಗೆ ಎಂದು ನಾಲ್ಕು ಕಡೆ ದೊಡ್ಡದಾಗಿ ಬರೆದಿದ್ದೇನೆ.

ಶಾಲೆಯವರಿಗೆ ಏನು ಹೇಳಲಿ ಎಂದು ನೀನು ಕೇಳುತ್ತೀಯ. ನಮೂನೆ ಬಿಡಿಸಿದವಳು ತಪ್ಪು ಮಾಡಿದಳು ಎಂದು ಹೇಳು. ನಿನ್ನ ಚಿತ್ರದ ಮಾತು ಎತ್ತಲೇಬೇಡ. ಚಿತ್ರದಲ್ಲಿ ತಪ್ಪು ಎಲ್ಲರಿಗೂ ಆಗುತ್ತದೆ, ಅದನ್ನು ಹಿಡಿಯುವುದೇ ನನ್ನ ಕೆಲಸ. ಹಿಡಿದೂ ಬಿಟ್ಟವಳು ನಾನು. ಮೊದಲ ಸಲ ಹೇಳಬಾರದ ಹಾಗೆ ಹೇಳಿ ನಿನ್ನನ್ನು ಕಳೆದುಕೊಂಡೆ, ಈ ಸಲ ಹೇಳಬೇಕಾದದ್ದನ್ನೂ ಹೇಳಲಿಲ್ಲ. ನಡುವೆ ಒಂದು ರೀತಿ ಇತ್ತು, ನಿನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುವುದು. ಅದು ನನಗೆ ಹೊಳೆಯಲೇ ಇಲ್ಲ.

ನೀನು ಮತ್ತೆ ಮಾತು ಬಿಡುತ್ತೀಯೇನೋ ಎಂಬ ಭಯ ಇದೆ. ತುಂಬಾ ಇದೆ. ಆದರೂ ಕಳಿಸುತ್ತಿದ್ದೇನೆ. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ಅಳಿಯಂದಿರಿಗೆ ಟೊಮೆಟೊ ವಿಷಯಕ್ಕೆ ಕ್ಷಮಿಸಿ ಎಂದು ಹೇಳು.

ನಿನ್ನ ಒಳ್ಳೆಯದನ್ನೇ ಬಯಸಿ ಕೆಟ್ಟದ್ದು ಮಾಡಿದ,
ಅಮ್ಮ

ಆಮೇಲೆ ಸೇರಿಸಿದ್ದು. ಶನಿವಾರ ಬೆಳಿಗ್ಗೆ, ಬಸ್ಸಿನಲ್ಲಿ:

ಅಕ್ಷರ ಸೊಟ್ಟಗಿದ್ದರೆ ರಸ್ತೆಯನ್ನು ಬೈ. ನಿನ್ನೆ ಸಂಜೆ ರೋಲರ್ ಮಾವ ಹೊರಡುವಾಗ, ಕೊಡಿ ಅಕ್ಕಾ ಅಂತ ಕೈ ಚಾಚಿದರು. ಕಾಗದ ಚೀಲದಲ್ಲೇ ಇತ್ತು, ನಾನು ಕೊಡಲಿಲ್ಲ. ಯಾಕೆಂದರೆ ಇದರಲ್ಲಿ ಒಂದು ಸುಳ್ಳಿತ್ತು. ಕೈಯಾಡಿಸಿ ನೋಡಿದೆ, ಅಷ್ಟೇ ಎಂದು ಬರೆದಿದ್ದೇನಲ್ಲ, ಅಷ್ಟೇ ಅಲ್ಲ.

ಅವತ್ತು ನೀನು ಚಹಾ ತರಲು ಹೋದಾಗಲೇ ಬಿರುಕು ಬಂದಿತ್ತು. ಎಡಪಕ್ಕೆ, ಒಳಗಡೆ, ಎರಡನೇ ಅಡ್ಡಪಟ್ಟಿಯಿಂದ ಮುಂದಕ್ಕೆ ಮೂರನೇ ಸ್ಕ್ರೂ ಕೆಳಗೆ. ಕೂದಲಿನಷ್ಟು ತೆಳುವು, ಬೆರಳುದ್ದ. ನನ್ನ ಗೆರೆ ಒಡೆದದ್ದನ್ನು ನೀನು ನೋಡಬಾರದು ಎನ್ನುವುದೊಂದೇ ತಲೆಯಲ್ಲಿತ್ತು. ಪಕ್ಕದಲ್ಲಿ ಪುಟ್ಟಿ ಡಬ್ಬಿ ತೆರೆದಿತ್ತು. ಹೆಬ್ಬೆರಳಿನಲ್ಲಿ ತೆಗೆದು ಬಿರುಕಿಗೆ ತುಂಬಿ, ಸವರಿ ಮುಚ್ಚಿಬಿಟ್ಟೆ. ನೀನು ಬಂದಾಗ ನನ್ನ ಬಲಗೈ ಬೆನ್ನ ಹಿಂದಿತ್ತು, ಅದಕ್ಕೇ ಲೋಟಕ್ಕೆ ಎಡಗೈ ಚಾಚಿದ್ದು. ನೀನು ನಕ್ಕೆ. ಅದರ ಮೇಲೆ ನೀನು ಬಣ್ಣವನ್ನೂ ಬಳಿದಿರುತ್ತೀಯ, ಹೊರಗಿನಿಂದ ಏನೂ ಕಾಣುವುದಿಲ್ಲ. ಉಗುರಿನಲ್ಲಿ ಕೆರೆದು ನೋಡು, ಸಿಗುತ್ತದೆ.

ಇದನ್ನು ಮಾವನ ಕೈಯಲ್ಲಿ ಕಳಿಸುವ ಹಾಗಿರಲಿಲ್ಲ. ನಾನೇ ತರುತ್ತಿದ್ದೇನೆ. ಶೆಡ್ಡಿನ ಬಾಗಿಲಲ್ಲಿ ನಿನ್ನ ಕೈಗೆ ಕೊಟ್ಟು, ನೀನು ಓದುವಷ್ಟು ಹೊತ್ತು ದೋಣಿಯ ಹತ್ತಿರ ನಿಂತಿರುತ್ತೇನೆ. ಈಗ ತಲೆಯೆತ್ತಿದರೆ ಕಾಣುತ್ತೇನೆ, ಕಂಕುಳಲ್ಲಿ ಬ್ರೌನ್ ಪೇಪರಿನ ಸುರುಳಿ ಇದೆ. ಚೀಲದಲ್ಲಿ ನಿನ್ನ ಹಳೆಯ ಸೂಜಿಯೂ ಇದೆ, ನಾಲ್ಕು ವರ್ಷದಿಂದ ನನ್ನ ಮೇಜಿನ ಮೇಲೆ ನೀನಿಟ್ಟ ಕಡೆಯೇ ಇತ್ತು. ನಾಳೆಗೆಂದು ಜನ ಆಗಲೇ ಬಂದಿರಬಹುದು, ಶಾಲೆಯ ದೊಡ್ಡ ಟೀಚರೂ ಬಂದಿರಬಹುದು. ಮಗು ಆಗಲೇ ದೋಣಿ ಹತ್ತಿ ಕೂತಿದ್ದರೆ ಮೊದಲು ಅವಳನ್ನು ಇಳಿಸು. ಆಮೇಲೆ ಬೈಯುವುದನ್ನೆಲ್ಲ ಅವರೆಲ್ಲರ ಎದುರಿಗೇ ಬೈ, ಅವತ್ತು ನಾನು ನಿನಗೆ ಬೈದ ಹಾಗೆ, ಗಟ್ಟಿಯಾಗಿ. ನಾನು ಏಪ್ರನ್ ಮಡಿಸಿಟ್ಟು ಹೋಗುವುದಿಲ್ಲ. ಬೈದು ಮುಗಿದ ಮೇಲೆ ಸ್ಕ್ರೂ ಬಿಚ್ಚಲು ನಿನಗೆ ಇನ್ನೊಂದು ಕೈ ಬೇಕಾಗುತ್ತದೆ.